ಇಲ್ಲದ ಒರೆಗಲ್ಲು

ರವಿವಾರ ಪೇಟೆಯಲ್ಲಿ ನನ್ನ ಕೋಣೆಯ ನೆಲವೇ
ರೇವಣಕರ ಮಾಮನ ಅಂಗಡಿಗೆ ಸೂರು.
ಕೆಳಗೆ ಊದುಗೊಳವೆಯ ಉಸಿರು,
ಮೇಲೆ ನನ್ನ ಲ್ಯಾಪ್‌ಟಾಪಿನ ಫ್ಯಾನು.

ಕುಮಟೆ ಬಿಟ್ಟು ನಲವತ್ತೊಂದು ವರ್ಷವಂತೆ.
ಲೆಕ್ಕ ಮರಾಠಿಯಲ್ಲಿ, ಬೈಗುಳ ಕೊಂಕಣಿಯಲ್ಲಿ,
ಕನ್ನಡ ನನ್ನ ಜತೆ ಮಾತ್ರ, ಅದೂ ಚಹಾದ ಹೊತ್ತಿಗೆ.

"ರಾತ್ರಿಯಿಡೀ ಏನು ಮಾಡ್ತೀಯೆ ಹುಡುಗಿ?"
"ಒಂದು ಚಿಪ್ಪಿಗೆ ಜಾಗ ಮಾಡ್ತಿದ್ದೇನೆ ಮಾಮ, ಕರ್ನಲ್ಲಿನೊಳಗೆ.
ಮಶೀನು ಏಳುವಾಗ ಒಂದೊಂದೇ ತುಣುಕು ಅಳೆದು
ಗುರುತಿಟ್ಟುಕೊಳ್ಳುವ ಚಿಪ್ಪು.
ಅಳತೆ ತಪ್ಪಿದರೆ ಕೀಲಿ ಕೊಡುವುದಿಲ್ಲ."
"ಒರೆಗಲ್ಲು ಅನ್ನು."
"ಹೂಂ. ಆದರೆ ಈ ಚಿಪ್ಪು ಇಲ್ಲ."
"ಇಲ್ಲ ಅಂದರೆ?"
"ಇಲ್ಲ ಅಂದರೆ ಇಲ್ಲ. ಆ ಮಶೀನೂ ಇಲ್ಲ.
ದೊಡ್ಡ ಮಶೀನಿನ ಹೊಟ್ಟೆಯಲ್ಲಿ ಬಾಡಿಗೆಗಿರುವ ಮಶೀನು,
ಅದಕ್ಕೊಂದು ಕಡ ತಂದ ಚಿಪ್ಪು."

ಮಾಮ ಬಸಿಗೆ ಚಹಾ ಸುರಿದರು. ಊದಿದರು. ಕುಡಿಯಲಿಲ್ಲ.
"ಕಲ್ಲೇ ಇಲ್ಲದೆ ಒರೆ?"

ಅದರಲ್ಲಿ ಖಾನೆಗಳಿವೆ. ಖಾನೆಯಲ್ಲಿ
ಬರೆಯಲು ಬಾರದು, ಅಳಿಸಲು ಬಾರದು,
ಇದ್ದದ್ದರ ಜತೆ ಬಂದದ್ದನ್ನು ಹಾಕಿ ರುಬ್ಬುವುದಷ್ಟೆ.
ಉದ್ದು ಮೊದಲೋ ಅಕ್ಕಿ ಮೊದಲೋ
ಎಂಬುದರ ಮೇಲೆ ಹಿಟ್ಟೇ ಬೇರೆ.
ರುಬ್ಬಿದ್ದು ತಿರುಗಿ ಕಾಳಾಗದು.
ಇಷ್ಟು ಮಾಮನಿಗೆ ತಟ್ಟನೆ ತಿಳಿಯಿತು.

ಗುರುವಾರ, ಪುಣೆಯ ಕರೆಂಟು ಹೋಗುವ ವಾರ.
ಹೋಗುವ ಮುಂಚೆ ಚಿಪ್ಪನ್ನು ಮೊದಲ ಸಲ ಕೇಳಿದೆ:
ಎಂಟು ಬೈಟು ಕೊಡು. ಯಾವುದಾದರೂ ಸರಿ,
ಅರ್ಥವಿಲ್ಲದ್ದು.
ಉತ್ತರದ ತಲೆಯ ಮೇಲೆ ಅದು ತನ್ನ ಉದ್ದ ಬರೆದಿತ್ತು:
ಅರವತ್ತು ಸಾವಿರದ ಚಿಲ್ಲರೆ.
ಬಂದದ್ದು ಇಪ್ಪತ್ತು.
ಕರ್ನಲ್ ನಂಬಿತು. ಓದಿತು. ಓದುತ್ತಲೇ ಹೋಯಿತು,
ತನ್ನದಲ್ಲದ ಪುಟ, ಪಕ್ಕದವರ ಪುಟ,
ಪುಟವೇ ಇಲ್ಲದ ಕಡೆ ಕಾಲಿಟ್ಟು
ಬಿತ್ತು.

ನನ್ನ ಕೋಡಿಗೆ ಕತ್ತರಿ ಹಿಡಿದು ಕೂತವಳು
ಕ್ಯಾಂಪಿನ ತೆಹಮಿನಾ ದಾರೂವಾಲಾ.
ಫೋನಿನಲ್ಲಿ ನಕ್ಕಳು, ಆಮೇಲೆ ನಗಲಿಲ್ಲ:
"ಅದು ಹೇಳಿತು, ನೀನು ಒಪ್ಪಿದೆ? ಕೈಲಿ ತಕ್ಕಡಿ ಇರಲಿಲ್ಲವಾ?"

ಸೇರಿಸಿದ್ದು ಒಂದೇ ಸಾಲು.
ಹೇಳಿದ ಉದ್ದ ಬಂದ ಉದ್ದವನ್ನು ಮೀರಿದರೆ
ಹಿಂದಿರುಗು.
ಅದನ್ನು ಎಲ್ಲಿಡಬೇಕೆಂದು ತಿಳಿಯಲು ಆರು ದಿನ.

ಏಳನೆಯ ಬೆಳಗು, ಐದೂವರೆ.
ಕಿಟಕಿಯ ಕೆಳಗೆ ಝಾರೇಕರಿ ಕೌಸಾಬಾಯಿ
ಅಕ್ಕಸಾಲಿಗರ ಮೋರಿ ಬಾಚುತ್ತಿದ್ದಳು.
ಅರದ ಪುಡಿ, ಬೂದಿ, ಯಾರದೋ ಅಂಗಿಯಿಂದ ಉದುರಿದ ಕಣ,
ಎಲ್ಲ ಕೆಸರಿನೊಂದಿಗೆ ತಗಡಿನ ಮರಿಗೆಗೆ.
ಕರ್ನಲ್ಲಿನದೂ ಇವಳದೇ ಕಸುಬು:
ಬೆರಳು ಕೀಲಿಮಣೆಗೆ ತಾಗಿದ ಹೊತ್ತು,
ಡಿಸ್ಕು ತುಸು ತಡೆದದ್ದು,
ಗುಡಿಸಿ ಗುಡಿಸಿ ಕೂಡಿಡುತ್ತದೆ
ಯಾರೂ ಊಹಿಸಲಾರದ ಒಂದು ಚಿಟಿಕೆ.
ಮತ್ತೆ ಕೇಳಿದೆ.
ಎಂಟು ಬೈಟು ಬಂದವು, ಅರ್ಥವೇ ಇಲ್ಲದವು.
ಸಂತೋಷಕ್ಕೆ ಮೆಟ್ಟಿಲಿಳಿದೆ, ಚಪ್ಪಲಿ ಮರೆತು.

"ಆ ಕಲ್ಲು ಯಾರ ಕೈಲಿರುತ್ತೆ?" ಮಾಮ ಕೇಳಿದರು.
"ದೊಡ್ಡ ಮಶೀನಿನ ಕೈಲಿ."
"ಅವನೇ ಖೋಟಾ ಆದರೆ?"

ಉತ್ತರವಿತ್ತು. ಉದ್ದದ್ದು.
ಅದರ ಕೊನೆಗೂ ಇನ್ನೊಬ್ಬರ ಸಹಿ ಬೇಕಿತ್ತು.
ಸುಮ್ಮನೆ ಚಹಾ ಕುಡಿದೆ.

ಮಾಮ ಗಲ್ಲಾದಿಂದ ತಮ್ಮ ಕಲ್ಲು ತೆಗೆದರು,
ಫ್ಲಾನೆಲ್ಲಿನಲ್ಲಿ ಸುತ್ತಿದ್ದು, ನಡುವೆ ಸವೆದದ್ದು.
ತೆಂಗಿನೆಣ್ಣೆ ಸವರಿ ನಿನ್ನೆಯ ಗೆರೆಗಳನ್ನೆಲ್ಲ ಒರೆಸಿದರು,
ದಿನವೂ ಸೊನ್ನೆಯಿಂದಲೇ.
"ಭಾವ ಕೊಟ್ಟದ್ದು. ಇದನ್ನು ನಾನು ಯಾವತ್ತೂ
ಯಾವುದಕ್ಕೂ ಉಜ್ಜಿ ನೋಡಿಲ್ಲ."

ಅಷ್ಟರಲ್ಲಿ ಕೌಸಾಬಾಯಿ ಒಳಗೆ ಬಂದಳು,
ಒದ್ದೆ ಸೆರಗಿನ ಗಂಟು ಬಿಚ್ಚಿ
ಎರಡು ಗುಲಗಂಜಿಯಷ್ಟು ಇಟ್ಟಳು.
ಮಾಮ ತೂಗಿದರು. ಒರೆಗೆ ಹಚ್ಚಲಿಲ್ಲ.
ದುಡ್ಡು ಎಣಿಸಿಕೊಟ್ಟು, ನಾನು ನೋಡಿದ್ದನ್ನು ನೋಡಿ,
"ಅವಳದಕ್ಕೆ ಬೇಡ" ಎಂದರು.

ಮೇಲೆ ಹೋಗಿ ಕೋಡು ತೆರೆದೆ.
ಎಲ್ಲಿ ಹುಡುಕಿದರೂ
ಆ ಸಾಲಿಗೆ ಜಾಗವಿರಲಿಲ್ಲ.