ಟೋಪಿಯ ತೂಕ ಕಳೆದು

ಚೀಸ್ ತೂಗುವ ಕೊಕ್ಕೆತಕ್ಕಡಿ.
ಅದಕ್ಕೆ ಇಮೇದಾನ ಉಣ್ಣೆಟೋಪಿ ನೇತುಹಾಕಿ
ಒಳಗೊಂದು ಮರಿ ಇಟ್ಟೆ.
ಮುಳ್ಳು ಅಲುಗಿತು, ನಿಂತಿತು:
ಎರಡು ಕಿಲೋಗೆ ತುಸು ಕಡಿಮೆ.
"ಹೊಟ್ಟೆ ನೋಡಿ ಡಾಕ್ಟರಮ್ಮ, ಹೊಟ್ಟೆ!
ತೆತ್ರಾಳ ಹಾಲು ಅಂದರೆ ಹಾಲು!"
ಮುದುಕನ ನಗು ಮೀಸೆಯಲ್ಲೇ ಉಳಿಯಿತು.

ತುಶೇತಿಯ ಈ ಎತ್ತರಕ್ಕೆ
ಹಿಮ ದಾರಿ ಬಿಡುವುದೇ ಜೂನಿನಲ್ಲಿ.
ಬಂದದ್ದು ಕುರಿಗಳಿಗೆ ಲಸಿಕೆ ಹಾಕಲು,
ನಾಯಿಮರಿ ನನ್ನ ಪಟ್ಟಿಯಲ್ಲೇ ಇರಲಿಲ್ಲ.
ಕಣ್ಣಿಗೆ ಬಿದ್ದ ಮೇಲೆ ಏನು ಮಾಡುವುದು.

ಹೊಟ್ಟೆ ನೋಡಿ ಹಿಗ್ಗಬೇಡ ಇಮೇದಾ,
ಬೆನ್ನು ಸವರಿ ನೋಡು.
ಹೊಟ್ಟೆ ತಮಟೆ, ಬೆನ್ನು ಬಾಚಣಿಗೆ.
ಉಂಡ ಮರಿ ಸತ್ತ ಹಾಗೆ ಮಲಗುತ್ತದೆ,
ಇದು ನಿದ್ದೆಯಲ್ಲೂ ಕುಂಯ್‌ಗುಡುತ್ತಿದೆ.
ತುಟಿ ಎತ್ತು. ವಸಡು ಯಾವ ಬಣ್ಣ?
ನಿನ್ನ ಚೀಸ್ ಸೋಸುವ ಬಟ್ಟೆಗೂ
ಇದಕ್ಕೂ ಏನಾದರೂ ಭೇದ ಉಂಟೆ?

ಮೂಲೆಯಲ್ಲಿ ಖಾತುನಾ, ಎಂಟು ವರ್ಷ,
ಯಾರ ಮುಖವನ್ನೂ ನೋಡದೆ ಹೇಳಿದಳು:
"ಮೊನ್ನೆ ಸತ್ತಿತಲ್ಲ, ಆ ಕಪ್ಪು ಮರಿ,
ಅದು ಕಾರಿದ್ದರಲ್ಲಿ ದಾರ ಇತ್ತು.
ಬಿಳಿ ದಾರ. ಹೊಸೆದುಕೊಳ್ಳುತ್ತಿತ್ತು.
ಅಜ್ಜಿಯ ಬುಟ್ಟಿಯದ್ದೇ ನುಂಗಿದೆ ಅಂತ,
ನನಗೇ ಬೈತಾರೆ ಅಂತ,
ಮಣ್ಣು ಮುಚ್ಚಿಬಿಟ್ಟೆ."

ಹೊರಗೆ ಕುರಿ ಎಣಿಸುತ್ತಿದ್ದವನು
ಎಣಿಕೆ ತಪ್ಪಿ ಮತ್ತೆ ಒಂದರಿಂದ ಹಿಡಿದ.

ದಾರವಲ್ಲ ಮಗೂ.
ಮನೆ ಕಟ್ಟುವ ಮೊದಲೇ ಬಂದ ನೆಂಟರು.
ತಾಯಿಯ ಮಾಂಸದಲ್ಲಿ ಮುದುಡಿ ಮಲಗಿದ್ದು
ಅವಳು ಬಸಿರಾದಾಗ ಕಣ್ಣುಬಿಟ್ಟು
ಕೆಲವು ಹೊಕ್ಕುಳಬಳ್ಳಿಯ ಹಾದಿ ಹಿಡಿದವು,
ಕೆಲವು ಹಾಲಿನದು.
ತೆತ್ರಾಳ ತಪ್ಪಲ್ಲ. ನಿನ್ನದಂತೂ ಅಲ್ಲವೇ ಅಲ್ಲ.

ತೂಕಕ್ಕೆ ತಕ್ಕಷ್ಟೇ ಮದ್ದು, ಟೋಪಿಯ ತೂಕ ಕಳೆದು.
ಸೂಜಿಯಿಲ್ಲದ ಸಿರಿಂಜು,
ಕೆನ್ನೆಯ ಸಂದಿಯಲ್ಲಿ, ನಿಧಾನ.
ಒಂದು ಮರಿ ನನ್ನ ತೋಳಿಗೇ ಉಗುಳಿತು.
ತೆತ್ರಾಳಿಗೆ ಮಾಂಸದೊಳಗೆ ಗುಳಿಗೆ;
ಮಾಂಸ ತಿಂದು, ಗುಳಿಗೆಯನ್ನು
ನನ್ನ ಬೂಟಿನ ಮೇಲೆ ಮರ್ಯಾದೆಯಿಂದ ಇಟ್ಟಳು.
ಮತ್ತೆ ಕೊಟ್ಟೆ.

ನಾಳೆ ಹೊರಬೀಳುತ್ತವೆ, ಹೆದರಬೇಡಿ.
ಸಲಿಕೆಯಲ್ಲಿ ಎತ್ತಿ, ತೊರೆಯಿಂದ ದೂರ, ಆಳಕ್ಕೆ ಹೂಳಿ.
ಕೈ ತೊಳೆಯದೆ ರೊಟ್ಟಿ ಮುಟ್ಟಬೇಡ ಖಾತುನಾ,
ಆ ಮೊಟ್ಟೆಗಳಿಗೆ
ಮರಿ ಯಾವುದು ಮಗು ಯಾವುದು ತಿಳಿಯದು.
ಎರಡು ವಾರಕ್ಕೆ ಮತ್ತೊಮ್ಮೆ, ಅದಾದ ಮೇಲೂ ಮತ್ತೊಮ್ಮೆ:
ಎಳೆಯವು ಇನ್ನೂ ದಾರಿಯಲ್ಲಿವೆ,
ಇವತ್ತಿನ ಮದ್ದು ಅವಕ್ಕೆ ಸಿಗುವುದಿಲ್ಲ.

ಎರಡು ವಾರಕ್ಕೆ ನಾನೂ ಇರುವುದಿಲ್ಲ.
ಬಾಟಲಿಯನ್ನು ಮುದುಕನಿಗಲ್ಲ, ಹುಡುಗಿಗೆ ಕೊಟ್ಟೆ.
ಅವಳು ಕಲ್ಲುಗೋಡೆಯ ಮೇಲೆ ಇದ್ದಿಲಿನಿಂದ
ಹದಿನಾಲ್ಕು ಗೀಟು ಎಳೆದಳು,
ದಿನಕ್ಕೊಂದು ಅಳಿಸಲು.

ಕುದುರೆ ಹತ್ತಿದಾಗ ಇಮೇದಾ ಬರಿತಲೆ.
"ಐದು ಮರಿಗೆ ಎಷ್ಟಾಯಿತು?"

ಕೈ ತೊಳೆಯುತ್ತಿದ್ದ ಖಾತುನಾ
ತಲೆ ಎತ್ತದೆ
"ಆರು" ಅಂದಳು.