ಮುಂದಿನ ಗಾಲಿಗೆ

ಗಡಿಯಾರದ ಕಂಬದಿಂದ ಮೂರನೇ ಮಳಿಗೆ
ಇನಾಯತನದು. ಕೋಲಾರದ ಬಿಸಿಲು
ಮೂರು ಗಂಟೆಗೆ ಅದರೊಳಗೆ ಬಂದು ಕೂರುತ್ತದೆ.
ಕೆಳಗೆ ಹಾಲಿನವರ ಸೈಕಲ್ಲಿನ ಸಣಕಲು ಟಯರು,
ಮೇಲಿನ ಮೊಳೆಗಳಿಗೆ ಬೆಟ್ಟದವು:
ದಪ್ಪ, ಮೈತುಂಬ ಗುಬಟು,
ಹಲಸಿನ ಸಿಪ್ಪೆ ಬಗ್ಗಿಸಿ ಬಳೆ ಮಾಡಿದಂತೆ.

ಒಂದಕ್ಕೇ ದುಡ್ಡಿದೆ ಅಂದೆ.
"ಒಂದಾದರೆ ಯಾವ ತಿಂಗಳಿಗೆ?" ಅಂದ.

ಡೈರಿಯಲ್ಲಿ ಹಾಲು ಪರೀಕ್ಷೆ ನನ್ನ ಕೆಲಸ.
ಲ್ಯಾಕ್ಟೋಮೀಟರು ತೇಲಿಬಿಟ್ಟು ಗೆರೆ ಓದುತ್ತೇನೆ,
ಓದಿದ್ದನ್ನು ಎಲ್ಲರ ಮುಖಕ್ಕೂ ಹೇಳುವುದಿಲ್ಲ.
ಹನ್ನೊಂದಕ್ಕೆ ಕ್ಯಾನು ತೊಳೆದು ಬೋರಲು ಹಾಕಿದರೆ
ತೇರಹಳ್ಳಿ ಬೆಟ್ಟ.
"ಈ ಬಿಸಿಲಾಗೆ ಮ್ಯಾಲೆ ಏನೈತಮ್ಮಾ?" ಪಾಪಮ್ಮನ ಪ್ರಶ್ನೆ.
ಕೆಳಗೆ ಬರೋ ದಾರಿ ಐತೆ, ಅನ್ನುತ್ತೇನೆ.

ಮಾಘ ಕಳೆದರೆ ಆ ದಾರಿ ಬರೀ ಗರಸು,
ಸಿಮೆಂಟಿನ ಕಣದಲ್ಲಿ ರಾಗಿ ಚೆಲ್ಲಿ
ಅದರ ಮೇಲೆ ಓಡು ಅಂದ ಹಾಗೆ.
ಆಗ ಗುಬಟು ಗಿಡ್ಡವಿರಬೇಕು, ಒತ್ತೊತ್ತಾಗಿ;
ಅಂಚಿನವು ಮಾತ್ರ ಎದ್ದು ನಿಂತಿರಬೇಕು.
ತಿರುವಿನಲ್ಲಿ ವಾಲಿದಾಗ ಉಗುರೂರುವುದು ಅಂಚು.
ನಡುವಿನ ಸಾಲಿಗೆ
ನೆಟ್ಟಗೆ ಓಡುವುದಷ್ಟೇ ಗೊತ್ತು.

ಮುಂಗಾರು ನಮ್ಮ ಕಡೆ ಹೊಸಿಲಲ್ಲೇ ಮಾತಾಡಿ ಹೋಗುವ ನೆಂಟ.
ಧೂಳು ಅಡಗುತ್ತದೆ, ಕೆಮ್ಮಣ್ಣು ಹದವಾದ ಹಿಟ್ಟು.
ಆ ಹದಿನೈದು ದಿನ ಯಾವ ಟಯರಾದರೂ ಸರಿ,
ಯಾರು ಓಡಿಸಿದರೂ ಜಾಣರೇ.

ಕಷ್ಟ ಇರುವುದು ಚಿತ್ತೆ ಸ್ವಾತಿಗೆ.
ಮದರಾಸಿನಲ್ಲಿ ಕಡಲು ಕೆಟ್ಟರೆ ಇಲ್ಲಿ ಮೂರು ದಿನ ಜಡಿ.
ಬಂಡೆಗೆ ಪಾಚಿ,
ಕೆರೆಯಂಗಳದ ಜೇಡಿ ಗಾಲಿಗೆ ಸುತ್ತಿ ಸುತ್ತಿ
ಫೋರ್ಕಿನ ಸಂದಿಯಲ್ಲಿ ಮುದ್ದೆ.
ಅದಕ್ಕೆ ಗುಬಟು ಉದ್ದ ಬೇಕು, ದೂರ ದೂರ ಬೇಕು,
ಮಣ್ಣು ಉಗುಳಲು ನಡುವೆ ಜಾಗ ಬೇಕು.
ಬಂಡೆಗಾದರೆ ಮೆತ್ತನೆ ರಬ್ಬರು.
ಬೇಗ ಸವೆಯುತ್ತದೆ. ಸವೆಯದೆ ಹಿಡಿಯುವುದು ಹೇಗೆ?

ಹೋದ ಸ್ವಾತಿಯಲ್ಲಿ ಗಾಳಿ ತುಂಬ ಹೊಡೆದಿದ್ದೆ,
ಗಟ್ಟಿಯಾಗಿದ್ದರೆ ಕ್ಷೇಮ ಅಂದುಕೊಂಡು.
ನೆನೆದ ಬಂಡೆ ನನ್ನನ್ನು ಚೆಂಡಿನ ಹಾಗೆ ಆಚೆಗೆಸೆಯಿತು,
ಲಂಟಾನದ ಪೊದೆಗೆ.
ಬಲಗೈಯ ಎರಡು ಬೆರಳಿಗೆ ಪಟ್ಟಿ. ಒಂದು ತಿಂಗಳು
ಎಡಗೈಯಲ್ಲಿ ಹಾಲು ನೋಡಿದೆ.
ಎಲ್ಲರ ಹಾಲೂ ಆ ತಿಂಗಳು ಒಂದಿಷ್ಟು ಗಟ್ಟಿ ಅಂತ
ಪಾಪಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ.
ಈಗ ಇಪ್ಪತ್ತೆರಡಕ್ಕೆ ಪಂಪು ನಿಲ್ಲಿಸುತ್ತೇನೆ,
ಮಳೆಯಿದ್ದರೆ ಇನ್ನೂ ಎರಡು ಕಡಿಮೆ.

ಇನಾಯತ್ ಮೂರನ್ನೂ ಇಳಿಸಿ ನೆಲಕ್ಕಿಟ್ಟ.
ಉಗುರೊತ್ತಿ ನೋಡಿದೆ,
ಶ್ರೀನಿವಾಸಪುರದ ಮಾವು ನೋಡುವ ಹಾಗೆ.
ಮೆತ್ತಗಿದ್ದದ್ದು ನನ್ನ ಉಗುರಿನ ಗುರುತನ್ನು
ಸ್ವಲ್ಪ ಹೊತ್ತು ಇಟ್ಟುಕೊಂಡಿತು.

"ಹಿಂದಿನದು ಜಾರಲಿ ಬಿಡಿ ಮೇಡಂ,
ಹಿಂದೆ ಜಾರಿದರೆ ನಗ್ತೀರ.
ಮುಂದೆ ಜಾರಿದರೆ ನಮ್ಮ ತಮ್ಮನ ಹಾಗೆ
ಹಲ್ಲು ಕಟ್ಟಿಸ್ಕೋತೀರ."

ಅದನ್ನೇ ಕೊಡು ಅಂದೆ.
"ಈಗ ಫಾಲ್ಗುಣ!"
ಗೊತ್ತು.

ಮುಂದಿದ್ದದ್ದು ಕಳಚಿ ಹಿಂದಕ್ಕೆ ಹೋಯಿತು,
ಅರ್ಧ ಸವೆದ ಗುಬಟುಗಳು, ಎಳೆಯುವುದಕ್ಕೆ ಸಾಕು.
ಹಿಂದಿನದನ್ನು ಪಾಪಮ್ಮ ಮೊದಲೇ ಕೇಳಿಟ್ಟಿದ್ದಳು:
ಕ್ಯಾನಿನ ಕೆಳಗಿಟ್ಟರೆ ಬೆಳಗಿನ ಜಾವ ಸದ್ದಾಗುವುದಿಲ್ಲ.
ಜಾಲಿಮುಳ್ಳಿಗೆ ಋತುವಿಲ್ಲವಲ್ಲ, ಅದಕ್ಕೆ
ಇನಾಯತ್ ಒಳಗೆ ಬೆಳ್ಳನೆಯ ಔಷಧಿ ಹುಯ್ದ,
ಥೇಟು ಹಾಲು.
"ಇದರ ಡಿಗ್ರಿ ನೋಡಬ್ಯಾಡಿ" ಅಂತ ನಕ್ಕ.

ಮನೆಯ ಕಡೆ ತಿರುಗಿಸಿದೆ.
ಕಾದ ಟಾರಿನ ಮೇಲೆ ಉದ್ದುದ್ದ ಗುಬಟು
ಬೊರ್ರೆಂದು ಕೂಗುತ್ತಿತ್ತು,
ಬಿಸಿಲಿಗೆ ಕಂಬಳಿ ಹೊದ್ದು ಹೊರಟವಳನ್ನು ನೋಡುವ ಹಾಗೆ
ಟೊಮೇಟೊ ಲಾರಿಯವನು ಕತ್ತು ಹೊರಳಿಸಿ ನೋಡಿದ.
ಸ್ವಾತಿಗೆ ಇನ್ನೂ ಏಳು ತಿಂಗಳು.