ಸರ್ವನಾಮ

ನಾಮಪದದ ಬದಲಿಗೆ ಬರುವ ಪದವೇ ಸರ್ವನಾಮ.
ಐದನೆಯ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದು
ಕಂಕನಾಡಿಯ ಈ ಔಷಧದ ಅಂಗಡಿಯಲ್ಲಿ
ಹದಿನೆಂಟು ವರ್ಷದಿಂದ ಉಪಯೋಗಕ್ಕೆ ಬರುತ್ತಿದೆ.

‘ಅದು ಉಂಟಾ?’
ತುಳುವಿನವರಾದರೆ ‘ಅವು ಉಂಡಾ?’
ಕೊಂಕಣಿಯಲ್ಲಿ ‘ತೆಂ ಆಸಾ?’
ಊರಿಗೆ ಇಷ್ಟೊಂದು ಭಾಷೆ,
ಯಾವುದರಲ್ಲೂ ಆ ಒಂದು ವಸ್ತುವಿಗೆ ಹೆಸರಿಲ್ಲ.

ತೊಕ್ಕೊಟ್ಟು ಬಸ್ಸಿನ ಕಂಡಕ್ಟರ್ ರೋಹಿತಾಕ್ಷ,
ಬೆಳಗಿನಿಂದ ಫುಟ್‌ಬೋರ್ಡಿನಲ್ಲಿ ಒಂಟಿಕಾಲಲ್ಲಿ ನೇತಾಡಿ
ಜ್ಯೋತಿ ಜ್ಯೋತಿ ಕಂಕನಾಡಿ ಪಂಪ್‌ವೆಲ್ ಪಂಪ್‌ವೆಲ್ ಎಂದು
ಇದ್ದಬದ್ದ ಹೆಸರನ್ನೆಲ್ಲ ಗಂಟಲು ಹರಿಯುವಂತೆ ಕೂಗುವವನು,
ನನ್ನ ಮೆಟ್ಟಿಲು ಹತ್ತಿದರೆ ಮಾತ್ರ
ಸೀಟಿಯನ್ನು ಕಿಸೆಗೆ ತುರುಕಿ
ಮೊದಲು ಕೆಮ್ಮಿನ ಗುಳಿಗೆ ಕೇಳುತ್ತಾನೆ,
ಆಮೇಲೆ ಒಂದು ಬ್ಯಾಂಡೇಜು.
ಬದಿಯ ಅಜ್ಜಿ ಇನ್ಸುಲಿನ್ ತಕ್ಕೊಂಡು ಇಳಿಯುವವರೆಗೂ
ಬಿಲ್ಲನ್ನು ಮೂರು ಸಲ ಓದುತ್ತಾನೆ.
ಮತ್ತೆ ಗಾಜಿನ ಕೆಳಗೆ ಬೆರಳು: ‘ಅದು.’

ಕೊಡುತ್ತೇನೆ. ಪೇಪರಿನಲ್ಲಿ ಸುತ್ತಿ, ಕಪ್ಪು ತೊಟ್ಟೆಯಲ್ಲಿ ಹಾಕಿ.
ಬಂಗುಡೆ ಕೊಂಡವರ ಕೈಯಲ್ಲೂ ಬಿಳಿ ತೊಟ್ಟೆ;
ಕಪ್ಪು ಕಂಡರೆ ಇಡೀ ಮಾರ್ಕೆಟಿಗೆ ಗೊತ್ತು.

ಮೊನ್ನೆ ಮಧ್ಯಾಹ್ನ ಬಂದವಳು
ನರ್ಸಿಂಗ್ ಕೊನೆಯ ವರ್ಷದ ಹುಡುಗಿ.
ಬಿಳಿ ಕೋಟು ಮಡಚಿ ಚೀಲದೊಳಗೆ,
ಐಡಿ ಕಾರ್ಡಿನ ದಾರ ಮಾತ್ರ ಹೊರಗೆ.
‘ಅದು, ಅಕ್ಕ...’
ಯಾವುದು? ಪ್ಯಾಡಾ? ಅಲ್ಲ.
ಹೊಟ್ಟೆನೋವಿಗಾ? ಅಲ್ಲ.
ಫೋನು ತಿರುಗಿಸಿ ತೋರಿಸಿದಳು.
ಮಾತ್ರೆಯ ಚಿತ್ರ ನಡುಗುತ್ತಿತ್ತು.

ಎಷ್ಟು ಹೊತ್ತಾಯಿತು ಎಂದೆ.
‘ನಿನ್ನೆ... ಅಲ್ಲ, ಮೊನ್ನೆ ರಾತ್ರಿ.’
ಬೆರಳು ಮಡಚಿ ಇಬ್ಬರೂ ಗಂಟೆ ಎಣಿಸಿದೆವು.
ಮೂವತ್ತೆಂಟು. ಸಮಯ ಉಂಟು.
ಎಪ್ಪತ್ತೆರಡರೊಳಗೆ, ಬೇಗ ಆದಷ್ಟೂ ಒಳ್ಳೆಯದು,
ವಾಂತಿಯಾದರೆ ಮತ್ತೆ ಬಾ,
ಪ್ರತಿ ಸಲಕ್ಕೆ ಇದಲ್ಲ, ಅದಕ್ಕೆ ಬೇರೆ ಉಂಟು,
ಮುಟ್ಟು ವಾರ ತಡವಾದರೆ ಪರೀಕ್ಷೆ ಮಾಡಿ ನೋಡು—
‘ಗೊತ್ತು ಅಕ್ಕ. ಹತ್ತು ಮಾರ್ಕಿಗೆ ಬರೆದಿದ್ದೇನೆ,
ಇಂಗ್ಲಿಷಿನಲ್ಲಿ.’
ಅಂದು ನಕ್ಕಳು. ನಗು ಅರ್ಧಕ್ಕೇ ಬೇರೆ ಏನೋ ಆಯಿತು.
ನೀರು ಕೊಟ್ಟೆ. ಅಲ್ಲೇ ನುಂಗಿದಳು.

‘ಕನ್ನಡದಲ್ಲಿ ಎಂತ ಹೇಳುವುದು ಇದಕ್ಕೆ?’
ತುರ್ತು ಗರ್ಭನಿರೋಧಕ ಗುಳಿಗೆ.
ಸರಕಾರಿ ಗೋಡೆಯಿಂದ ಕೆರೆದು ತೆಗೆದಂಥ ಮಾತು;
ಹೇಳಿ ಮುಗಿಸುವಷ್ಟರಲ್ಲಿ
ರೋಹಿತಾಕ್ಷನ ಬಸ್ಸು ಸೇತುವೆ ದಾಟಿರುತ್ತದೆ.

ನನ್ನ ಅಮ್ಮನಿಗೆ ಆ ಗೋಡೆ ಓದಲೂ ಬರುತ್ತಿರಲಿಲ್ಲ.
ತಡ್ಪೆ ಮಡಿಲಲ್ಲಿಟ್ಟು ದಿನಕ್ಕೆ ಸಾವಿರ ಬೀಡಿ,
ಒಂದೂ ಲೆಕ್ಕ ತಪ್ಪದವಳು,
ಹೆತ್ತದ್ದೆಷ್ಟು ಎಂದರೆ ‘ಉಳಿದದ್ದು ನಾಲ್ಕು’ ಎನ್ನುವಳು.
ನಾನು ಹುಟ್ಟಿದ ವರ್ಷ,
ತವರಿಗೆಂದು ಸುಳ್ಳು ಹೇಳಿ
ಮೂಲ್ಕಿಯ ಕ್ಯಾಂಪಿಗೆ ಹೋಗಿ ಹೆಬ್ಬೆಟ್ಟು ಒತ್ತಿದಳಂತೆ.
‘ಅದು ಮಾಡಿಸಿಕೊಂಡು ಬಂದೆ.’ ಅಷ್ಟೇ.
ಹೊಲಿಗೆ ಬಿಚ್ಚಿದ ದಿನವೂ
ಬೀಡಿಯ ಕಟ್ಟು ಬ್ರಾಂಚಿಗೆ ಮುಟ್ಟಿಸಿದ್ದಳು.
ಕಲೆ ನೋಡಿದ ಅಪ್ಪನಿಗೆ ಅಪೆಂಡಿಕ್ಸ್ ಎಂದಳು.
ದೇವರೇ ಬಾಗಿಲು ಹಾಕಿದ ಎಂದುಕೊಂಡೇ ಅವರು ಹೋದರು.
ಹಾಕಿದವಳು ಅಡುಗೆಮನೆಯಲ್ಲಿ
ಸಾರಿಗೆ ಹುಳಿ ಹಿಂಡುತ್ತಿದ್ದಳು.

ನಿನ್ನೆ ಶಟರ್ ಎಳೆದು ಮನೆಗೆ ಬಂದೆ.
ಪಿಯುಸಿಯ ಮಗಳು ಬಯಾಲಜಿ ರೆಕಾರ್ಡಿನಲ್ಲಿ
ದಾಸವಾಳ ಬರೆಯುತ್ತಿದ್ದಳು:
ಕೇಸರ, ಶಲಾಕೆ, ಅಂಡಾಶಯ,
ಒಂದೊಂದಕ್ಕೂ ಸ್ಕೇಲಿಟ್ಟು ಬಾಣ, ಒಂದೊಂದಕ್ಕೂ ಹೆಸರು.
ಎಷ್ಟು ಚಂದ ಬರೆದಿದ್ದಳು.

ಪೆನ್ಸಿಲ್ ಇಡು, ಸ್ವಲ್ಪ ಮಾತಾಡುವ ಎಂದೆ.
ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.
‘ಅಮ್ಮಾ, ನಂಗೆ ಎಲ್ಲ ಗೊತ್ತುಂಟು.’
ಎಂತ ಗೊತ್ತುಂಟು?
‘ಅದು.’

ಗಂಜಿ ಉಕ್ಕುತ್ತಿತ್ತು.
ಒಲೆ ಆರಿಸಿ ಬಂದು ಅವಳ ಎದುರು ಕೂತೆ.